ಚೊಕ್ಕ ಪೈಪು

ಬೆಳಗಿನಿಂದ ಅವನು ಕೈ ತೊಳೆಯುತ್ತಿರುವುದು ಇದು ಮೂರನೆಯ ಸಲ. ಮೈ ಸೋಪಿನಲ್ಲಿ ಶುರುವಾದದ್ದು ಪಾತ್ರೆ ಸೋಪಿಗೆ ಬಂದು ನಿಂತಿತ್ತು. ಉಗುರಿನ ಸಂದಿಯ ಕಪ್ಪು ಹೋಗಿತ್ತು, ಆದರೆ ಪೆಟ್ರೋಲಿನ ವಾಸನೆ ಬೆರಳ ತುದಿ ಬಿಟ್ಟು ಕದಲುತ್ತಿರಲಿಲ್ಲ. ಮೂಗಿನ ಹತ್ತಿರ ತಂದರೆ ಇದೆ, ಮೊಳ ದೂರ ಹಿಡಿದರೆ ಇಲ್ಲ. ಇನ್ನೊಬ್ಬರ ಬೆರಳನ್ನು ಯಾರು ತಾನೇ ಮೂಸಿ ನೋಡುತ್ತಾರೆ ಎಂದು ಧೈರ್ಯ ಹೇಳಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನನ್ನು ಇನ್ನೂ ಯಾರೂ ಕಳ್ಳ ಅಂದಿರಲಿಲ್ಲ, ಇವನಾಗಲೇ ಹೆಗಲಿಗೆ ಸೋಪು ಹಚ್ಚುತ್ತಿದ್ದ. ಗೋಡೆಯ ಆಚೆಯಿಂದ ಹೆಂಡತಿಯ ದನಿ ಕೇಳುತ್ತಿತ್ತು. "ಮೂಲೆ, ಮೂಲೆ ನೋಡ್ಕೋ. ನಿಧಾನ." ಅಂಗಡಿಯಲ್ಲಿ ಗಾಜು ಕೊಯ್ಯುವವನ ಜೊತೆ ಸೇರಿ ಅವಳು ಕಿಟಕಿ ಗಾಜುಗಳನ್ನು ಪಿಕಪ್ಪಿಗೆ ಏರಿಸುತ್ತಿದ್ದಳು. ಗಾಜಿನ ಅಂಗಡಿ ಅವಳ ಅಪ್ಪನದು, ಪಿಕಪ್ಪು ಅವಳ ಅಪ್ಪನದು, ಅಪ್ಪ ಹೋದ ಮೇಲೆ ಎರಡೂ ಅವಳವು. ಕೈ ಒರೆಸಿಕೊಳ್ಳುವ ಟವೆಲ್ ಮಾತ್ರ ತನ್ನದು ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು.

ಅವನು ಬರೆಯುವವನು. ಹಾಗೆಂದಾಗ ಕೇಳಿದವರು ಕಥೆಗಾರನಿರಬೇಕು ಎಂದುಕೊಂಡರೆ ತಿದ್ದುವುದಕ್ಕೆ ಅವನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿದ್ದ. ಬರೆಯುತ್ತಿದ್ದದ್ದು ಮಿಕ್ಸಿ, ಪಂಪು, ಫ್ಯಾನುಗಳ ಡಬ್ಬದೊಳಗೆ ಮಡಚಿಡುವ ಕೈಪಿಡಿಗಳು. 'ಬಳಸುವ ಮುನ್ನ ಪೂರ್ತಿ ಓದಿ' ಎಂದು ಇಪ್ಪತ್ತೆರಡು ವರ್ಷಗಳಿಂದ ಬರೆಯುತ್ತಿದ್ದಾನೆ, ಪೂರ್ತಿ ಓದಿದ ಒಬ್ಬ ಮಹಾಶಯನನ್ನೂ ಇದುವರೆಗೆ ಕಂಡಿಲ್ಲ. ಬಾಮೈದ ಅವನಿಗೆ ಕೈಪಿಡಿ ಭಾವ ಎಂದು ಹೆಸರಿಟ್ಟಿದ್ದ. ಮೊದಮೊದಲು ಮನೆಯೊಳಗೆ ಮಾತ್ರ ಓಡಾಡುತ್ತಿದ್ದ ಆ ಹೆಸರು ಈಗ ಬೀದಿಗೂ ಇಳಿದಿದೆ. ಅವನೂ ನಗುತ್ತಾನೆ. ನಗದಿದ್ದರೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬ ಭಯಕ್ಕೆ ನಗುತ್ತಾನೆ.

ಇದಕ್ಕೆಲ್ಲ ಕಾರಣ ಆ ಏರು. ತಿಂಗಳ ಹಿಂದೆ ಗಾಜು ತುಂಬಿದ ಗಾಡಿಯಲ್ಲಿ ಅವಳ ಪಕ್ಕ ಕೂತು ಹೋಗುವಾಗ ಪಿಕಪ್ಪು ಎರಡನೇ ಗೇರಿಗೆ ಇಳಿದು, ಕರಿಹೊಗೆ ಬಿಡುತ್ತ, ಸೊಂಟ ನೋವಿನ ಮುದುಕನಂತೆ ಹತ್ತುತ್ತಿತ್ತು. ಹಿಂದಿನಿಂದ ಬಂದ ಒಂದು ಸ್ಕೂಲ್ ವ್ಯಾನು ಆರಾಮಾಗಿ ದಾಟಿಕೊಂಡು ಹೋಯಿತು. ಕಿಟಕಿಯಲ್ಲಿದ್ದ ಮಕ್ಕಳು ಇವನ ಕಡೆ ನೋಡಿ ನಾಲಗೆ ಚಾಚಿದರು. ಗಾಡಿ ಓಡಿಸುತ್ತಿದ್ದವಳ ಕಡೆ ಅಲ್ಲ, ಸುಮ್ಮನೆ ಕೂತಿದ್ದ ಇವನ ಕಡೆ. ಅವಳಿಗೆ ಅದು ಕಾಣಲೇ ಇಲ್ಲ. ಯಾವುದೋ ಹಾಡು ಗುನುಗುತ್ತ ಏರು ಮುಗಿಯುವುದನ್ನು ಕಾಯುತ್ತಿದ್ದಳು. "ಇಂಜಿನ್ನಿಗೆ ಗಾಳಿ ಸಾಲ್ತಿಲ್ಲ," ಎಂದ. "ಇಪ್ಪತ್ತು ವರ್ಷದಿಂದ ಸಾಲ್ತಿದ್ದ ಗಾಳಿ ಇವತ್ತು ನೀವು ಕೂತಿದ್ದಕ್ಕೆ ಸಾಲ್ತಿಲ್ವಾ?" ಎಂದು ಅವಳು ನಕ್ಕಳು. ಆ ವಾರ ಅವಳ ಜೊತೆ ಮೇಸ್ತ್ರಿಯ ಗ್ಯಾರೇಜಿಗೆ ಹೋದಾಗ ಗಾಳಿಯ ವಿಷಯ ಕೇಳಿದ. ಕೇಳಿದವನು ಇವನು, ಮೇಸ್ತ್ರಿ ಉತ್ತರ ಹೇಳಿದ್ದು ಅವಳಿಗೆ. "ಒಳಗಿನ ಕಾಗದದ ಫಿಲ್ಟರ್ ಹಾಕಿ ಎರಡು ವರ್ಷ ಆಯ್ತಲ್ಲ ಅಕ್ಕ, ಅದೊಂದು ಬದಲಾಯಿಸಿದ್ರೆ ಸಾಕು." ಅವಳು ಅಕ್ಕ, ಇವನು ಸಾರ್. ಅಕ್ಕ ಎಂದರೆ ಗ್ಯಾರೇಜಿನ ಒಳಗೆ, ಸಾರ್ ಎಂದರೆ ಗೇಟಿನ ಹತ್ತಿರದ ಸ್ಟೂಲಿನ ಮೇಲೆ. ಆ ಸ್ಟೂಲಿನ ಮೇಲೆ ಕೂತೇ ಅವನು ನಿರ್ಧಾರ ಮಾಡಿದ್ದ.

ಒಂದು ವಾರ ಕೂತು ಓದಿದ. ಹಳೆಯ ಡೀಸೆಲ್ ಗಾಡಿಗಳಿಗೆ ಕಂಪನಿಯವರು ಕೊಟ್ಟ ಕಪ್ಪು ಡಬ್ಬಿ, ಅದರ ಸಣ್ಣ ಮೂತಿ, ಅದರಿಂದ ಇಂಜಿನ್ನಿಗೆ ಹೋಗುವ ಕಿರಿದಾದ ಪೈಪು, ಎಲ್ಲ ತೆಗೆದು ಅಗಲದ ಪೈಪೂ ತೆರೆದ ಫಿಲ್ಟರೂ ಹಾಕಿದರೆ ಇಂಜಿನ್ ಎದೆ ತುಂಬ ಗಾಳಿ ಎಳೆದುಕೊಳ್ಳುತ್ತದೆ ಎಂದು ಎಲ್ಲೆಲ್ಲಿಯೋ ಇರುವ, ಮುಖ ಕಾಣದ ಗಂಡಸರು ಒಕ್ಕೊರಲಿನಿಂದ ಹೇಳುತ್ತಿದ್ದರು. ಅವರೆಲ್ಲ ತನ್ನ ಹಾಗೆಯೇ ಯಾರದೋ ಪಕ್ಕದ ಸೀಟಿನಲ್ಲಿ ಕೂತವರಿರಬಹುದು ಎಂದು ಅವನಿಗೆ ಆಗ ಹೊಳೆಯಲಿಲ್ಲ. ಹೆಂಡತಿ ಬೇಡ ಅನ್ನಲಿಲ್ಲ. ಒಂದೇ ಷರತ್ತು ಹಾಕಿದಳು. ಗುಡ್ಡದ ಮೇಲೆ ಕಟ್ಟುತ್ತಿದ್ದ ಹೊಸ ಶಾಲೆಯ ನೂರಾ ನಲವತ್ತು ಕಿಟಕಿಗಳ ಕೆಲಸ ಅವಳಿಗೆ ಸಿಕ್ಕಿತ್ತು. ತಿಂಗಳಿಡೀ ದಿನಕ್ಕೆರಡು ಸಲ ಹತ್ತಬೇಕು, ದಾರಿಯಲ್ಲಿ ಕಲ್ಲು ಪುಡಿ ಮಾಡುವ ಕ್ರಷರ್, ಡಾಂಬರಿಲ್ಲ, ಮೊಣಕಾಲುದ್ದ ಧೂಳು. "ಇನ್ನೂರು ಕಿಲೋಮೀಟರ್ ಊರೊಳಗೆ ಓಡಿಸಿ ನೋಡ್ತೀನಿ. ಆಮೇಲೆ ಮೇಸ್ತ್ರಿ ಬೆರಳಿಟ್ಟು ನೋಡಿ ಸರಿ ಅಂದ್ರೆ ಗುಡ್ಡಕ್ಕೆ ಹೋಗೋದು. ಇಲ್ಲಾಂದ್ರೆ ಅಪ್ಪನ ಡಬ್ಬಿ ವಾಪಸ್. ಇಂಜಿನ್ ಹೋದ್ರೆ ಅಂಗಡಿಗೆ ಕಾಲೇ ಇಲ್ಲ ರೀ, ತಿಳ್ಕೊಳ್ಳಿ." ಬೆರಳಿಡುವುದು ಅವಳ ಅಪ್ಪನ ಪದ್ಧತಿ. ಆಯಿಲ್ ಬದಲಾಯಿಸುವಾಗಲೆಲ್ಲ ಮಾವ ಫಿಲ್ಟರಿನ ಆಚೆಗಿನ ಪೈಪಿನೊಳಗೆ ತೋರುಬೆರಳು ತೂರಿಸಿ, ಹೊರಗೆ ತೆಗೆದು, ಹೆಬ್ಬೆರಳಿಗೆ ಉಜ್ಜಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಕಿರ್ ಅಂದರೆ ಮಣ್ಣು ಒಳಗೆ ಹೋಗಿದೆ ಎಂದು ಅರ್ಥ. ಮೇಸ್ತ್ರಿ ಅದನ್ನು ಅವರಿಂದಲೇ ಕಲಿತದ್ದು.

ಭಾನುವಾರ ಅವನೇ ಜೋಡಿಸಿದ. ನಟ್ಟು ಬಿಗಿಯುವ ಪಾನಾ ಹಿಡಿಯುವುದನ್ನು ನೂರು ಕೈಪಿಡಿಗಳಲ್ಲಿ ಬರೆದಿದ್ದವನು ಮೊದಲ ಬಾರಿಗೆ ನಿಜವಾದ ಪಾನಾ ಹಿಡಿದು ಎರಡು ಗೆಣ್ಣು ತರಚಿಕೊಂಡ. ಕೊನೆಗೆ ಉಳಿದದ್ದು ಒಂದೇ ಜಾಗ. ಹೊಸ ಪೈಪು ಅಗಲ, ಇಂಜಿನ್ನಿನ ಬಾಯಿ ಕಿರಿದು. ನಡುವೆ ಒಂದು ಕಡೆ ಅಗಲ, ಒಂದು ಕಡೆ ಕಿರಿದಾದ ರಬ್ಬರಿನ ತೋಳು ಬೇಕು, ಅದು ಡಬ್ಬದಲ್ಲಿರಲಿಲ್ಲ. ಅದನ್ನು ಬೇರೆ ಕೊಂಡುಕೊಳ್ಳಬೇಕೆಂದು ಫಿಲ್ಟರಿನ ಜೊತೆ ಬಂದಿದ್ದ ಕೈಪಿಡಿಯ ಮೂರನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವನು ಓದಿದ್ದು ಎರಡು ಪುಟ. ಕೈಪಿಡಿ ಬರೆಯುವವನಿಗೆ ಕೈಪಿಡಿ ಯಾಕೆ? ಹಳೆಯ ಸೈಕಲ್ ಟ್ಯೂಬು ಕತ್ತರಿಸಿ, ಮೂರು ಸುತ್ತು ಸುತ್ತಿ, ಮೇಲೆ ಕ್ಲಾಂಪು ಬಿಗಿದ. ಗಾಡಿ ಶುರು ಮಾಡಿದಾಗ ಬಂದ ಸದ್ದಿಗೆ ಎದುರು ಮನೆಯ ಟೈಲರ್ ಹೊಲಿಗೆ ಬಿಟ್ಟು ಎದ್ದು ಬಂದ. ಬಾಮೈದ ಸೊಂಟದ ಮೇಲೆ ಕೈಯಿಟ್ಟು, "ಸದ್ದು ಭರ್ಜರಿ ಭಾವ. ಓಡುತ್ತಾ?" ಎಂದ. ಓಡಿತು. ಮಾರನೆಯ ದಿನ ಅದೇ ಏರನ್ನು ಗಾಡಿ ಮೂರನೇ ಗೇರಿನಲ್ಲಿ ಹತ್ತಿತು. "ಪರವಾಗಿಲ್ಲ ರೀ, ಎಳೀತಿದೆ," ಎಂದಳು ಹೆಂಡತಿ. ಕಟ್ಟಿಕೊಂಡಿದ್ದ ಕಾಗದದ ಫಿಲ್ಟರ್ ತೆಗೆದದ್ದೇ ಸಾಕಾಗಿತ್ತು, ಮೇಸ್ತ್ರಿ ಹೇಳಿದ ಹಾಗೆ. ಆದರೆ ಅದನ್ನು ಅವನು ಯೋಚಿಸಲು ಹೋಗಲಿಲ್ಲ. 'ಎಳೀತಿದೆ' ಎಂಬ ಒಂದು ಮಾತನ್ನು ಹತ್ತು ದಿನ ಇಟ್ಟುಕೊಂಡು ತಿಂದ. ಆಫೀಸಿನಲ್ಲಿ ದನಿ ದಪ್ಪವಾಯಿತು. ಸೊಪ್ಪಿನವಳ ಹತ್ತಿರವೂ ಗಾಳಿ ಮತ್ತು ಇಂಧನದ ಅನುಪಾತದ ಬಗ್ಗೆ ಮಾತಾಡಿದ.

ನಿನ್ನೆ ಸಂಜೆ, ನಾಳೆ ಮೇಸ್ತ್ರಿ ನೋಡುವ ಮುಂಚೆ ತಾನೇ ಒಮ್ಮೆ ನೋಡಿ ಖುಷಿಪಡೋಣವೆಂದು ಪೈಪು ಬಿಚ್ಚಿ ಬೆರಳಿಟ್ಟ. ಕಪ್ಪು ಜಿಡ್ಡು ಬಂತು. ಹೆಬ್ಬೆರಳಿಗೆ ಉಜ್ಜಿ ಕಿವಿಗೆ ಹಿಡಿದ. ಕಿರ್ ಅಂದಿತು. ಟ್ಯೂಬು ಇಂಜಿನ್ನಿನ ಬಿಸಿಗೆ ಸಡಿಲಾಗಿ ಒಂದು ಕಡೆ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ಹೊಸ ಫಿಲ್ಟರ್ ತನ್ನ ಪಾಡಿಗೆ ತಾನು ಗಾಳಿ ಸೋಸುತ್ತಿದ್ದರೆ, ಇಂಜಿನ್ ಪಕ್ಕದ ಸಂದಿಯಿಂದ ಬೀದಿಯ ಮಣ್ಣನ್ನು ಕುಡಿಯುತ್ತಿತ್ತು. ಊರೊಳಗೇ ಹೀಗಾದರೆ ಗುಡ್ಡದಲ್ಲಿ ಗತಿಯೇನು? ಮಣ್ಣು ಒಳಗೆ ಹೋಗಿ ಪಿಸ್ಟನ್ನಿನ ರಿಂಗುಗಳನ್ನು ತೇಯುತ್ತದೆ, ಆಮೇಲೆ ಇಂಜಿನ್ ಬಿಚ್ಚಿ ಗುಡ್ಡೆ ಹಾಕುವುದಷ್ಟೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಬೆಳಿಗ್ಗೆ ಎದ್ದು ರಬ್ಬರಿನ ತೋಳು ತಂದು ಹಾಕಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅದು ಸಿಗುವ ಅಂಗಡಿ ಮೇಸ್ತ್ರಿಯ ಗ್ಯಾರೇಜಿಗೆ ಅಂಟಿಕೊಂಡೇ ಇದೆ. ಮೇಸ್ತ್ರಿಗೆ ಗೊತ್ತಾಗುತ್ತದೆ, ಅವನಿಂದ ಅವಳಿಗೆ, ಅವಳಿಂದ ತಮ್ಮನಿಗೆ. ಅವಳು ಬೈಯುವುದಿಲ್ಲ. ಬೈದರೆ ಎಷ್ಟೋ ವಾಸಿ. 'ಹೋಗ್ಲಿ ಬಿಡಿ' ಅನ್ನುತ್ತಾಳೆ, ಮಗು ಗೋಡೆಯ ಮೇಲೆ ಗೀಚಿದಾಗ ಅನ್ನುವ ಹಾಗೆ. ಆ 'ಬಿಡಿ' ಎಂಬುದನ್ನು ಅವನು ಮದುವೆಯಾದಾಗಿನಿಂದ ಕೇಳಿಸಿಕೊಳ್ಳುತ್ತಿದ್ದಾನೆ. ಇಂಥ ಸಮಯದಲ್ಲೇ ಅವನಿಗೆ ಅಚ್ಚಿನ ಮನೆಯವನ ನೆನಪಾಗುವುದು. ಹಿಂದೊಮ್ಮೆ ಒಂದು ಪಂಪಿನ ಕೈಪಿಡಿಯಲ್ಲಿ 'ಮೊದಲು ನೀರು ತುಂಬಿಸಿ' ಎಂಬ ಸಾಲು ಬಿಟ್ಟುಹೋಗಿ, ಪಂಪುಗಳು ಒಣಗಿ ಓಡಿ ಸುಟ್ಟುಹೋಗಿದ್ದವು. ಸಾಲು ಬಿಟ್ಟವನು ಇವನು. ಅಚ್ಚಿನ ಮನೆಯಲ್ಲಿ ಬಿಟ್ಟುಹೋಗಿರಬೇಕು ಎಂದು ಮೇಲಿನವರಿಗೆ ಹೇಳಿದವನೂ ಇವನೇ. ಆ ಮನುಷ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ಇವನ ಮೇಜಿನ ಮುಂದೆಯೇ ನಿಂತು, "ತಪ್ಪಾಯ್ತು ಸಾರ್, ನಮ್ಮ ಕಡೆಯಿಂದ್ಲೇ ಆಗಿರಬೇಕು," ಎಂದಿದ್ದ. "ಮುಂದೆ ಹುಷಾರಾಗಿರಿ," ಎಂದು ಇವನು ಬುದ್ಧಿ ಹೇಳಿ ಕಳಿಸಿದ್ದ. ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ, ಬಿಸಿಯಾದ ಕಿವಿಯಿಂದ ಯಾರಿಗೂ ಉಪಯೋಗವಾಗಿಲ್ಲ.

ಬೆಳಿಗ್ಗೆ ಅವಳು ಏಳುವ ಮುಂಚೆ ಪೆಟ್ರೋಲಿನಲ್ಲಿ ಬನಿಯನ್ ಚೂರು ಅದ್ದಿ ಪೈಪಿನ ಒಳಗೆಲ್ಲ ಒರೆಸಿದ. ಕೈ ಹೋಗುವಷ್ಟು ದೂರ ಒರೆಸಿ, ಹೋಗದ ಕಡೆ ಕೋಲಿಗೆ ಬಟ್ಟೆ ಸುತ್ತಿ ಒರೆಸಿದ. ಹೊಸ ಪಾತ್ರೆಯಂತೆ ಥಳಥಳ ಅನ್ನಿಸಿದ. ಟ್ಯೂಬನ್ನು ಇನ್ನೊಂದು ಸುತ್ತು ಸುತ್ತಿ ಬಿಗಿದ. ಅದು ಮತ್ತೆ ಬಿಸಿಗೆ ಸಡಿಲಾಗುವುದೆಂದು ಗೊತ್ತಿತ್ತು, ಆದರೆ ಮೇಸ್ತ್ರಿ ಬೆರಳಿಡುವ ತನಕ ಆಗಲಾರದು. ಆಮೇಲಿನದನ್ನು ಆಮೇಲೆ ನೋಡಿಕೊಳ್ಳೋಣ, ನಾಳೆ ಗುಟ್ಟಾಗಿ ರಬ್ಬರಿನ ತೋಳು ತಂದು ಹಾಕಿಬಿಟ್ಟರಾಯಿತು ಎಂದುಕೊಂಡ. ಇವತ್ತಿನ ಎರಡು ಸರದಿಯ ಧೂಳು ಏನು ಮಾಡೀತು?

ಗ್ಯಾರೇಜಿನಲ್ಲಿ ಮೇಸ್ತ್ರಿ ಚಹಾ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು, ದಾರ ಕಟ್ಟಿದ ಕನ್ನಡಕ ಏರಿಸಿ, ಬಾನೆಟ್ ಎತ್ತಿದ. ಇವನು ಎಂದಿನ ಸ್ಟೂಲಿನ ಮೇಲೆ ಕೂರದೆ ಒಳಗೇ ಬಂದು ನಿಂತಿದ್ದ. ಸೈಕಲ್ ಟ್ಯೂಬನ್ನು ಮೇಸ್ತ್ರಿ ನೋಡಿದ. ಕ್ಲಾಂಪು ಸಡಿಲಿಸಿ ಪೈಪು ಸರಿಸಿ ಬೆರಳು ತೂರಿಸಿದ. ಹೊರಗೆ ತೆಗೆದು ಬೆಳಕಿಗೆ ಹಿಡಿದ. ಬೆರಳು ಹೋದಂತೆಯೇ ಬಂದಿತ್ತು. ಇನ್ನೂ ಒಳಗೆ ತೂರಿಸಿ ತೆಗೆದ. ಹೆಬ್ಬೆರಳಿಗೆ ಉಜ್ಜಿ ಕಿವಿಗೆ ಹಿಡಿದ. ಆಮೇಲೆ ಬೆರಳನ್ನು ಮೂಗಿನ ಹತ್ತಿರ ತಂದ.

"ತುಂಬಾ ಚೊಕ್ಕವಾಗಿದೆ ಸಾರ್," ಎಂದ ಮೇಸ್ತ್ರಿ.

"ಫಿಲ್ಟರ್ ಒಳ್ಳೇದು," ಎಂದ ಇವನು.

"ಹೂಂ. ನನ್ನ ಸರ್ವೀಸಲ್ಲಿ ಇಷ್ಟು ಚೊಕ್ಕ ಪೈಪು ನೋಡಿಲ್ಲ."

ಇವನಿಗೆ ನಾಚಿಕೆಯಾಗಬೇಕಿತ್ತು. ಆದರೆ ಆದದ್ದು ಖುಷಿ. ಪಬ್ಲಿಕ್ ಪರೀಕ್ಷೆಯಲ್ಲಿ ಕಾಪಿ ಹೊಡೆದು ಮೊದಲ ಸ್ಥಾನ ಬಂದವನಿಗೆ ಆಗುವಂಥದ್ದು, ನಿಜವಾದ ಖುಷಿಗಿಂತ ಒಂದು ತೂಕ ಹೆಚ್ಚೇ ಇರುವಂಥದ್ದು. ಮೇಸ್ತ್ರಿ ಅವಳ ಕಡೆ ನೋಡಿದ. ಅವಳು ಗಾಡಿಯ ಪಕ್ಕ ನಿಂತು ಗಾಜುಗಳ ನಡುವಿನ ಗೋಣಿಯನ್ನು ಸರಿಮಾಡುತ್ತಿದ್ದಳು, ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿದಳು. ಗೋಣಿ ಸರಿಯಾಗಿ ಕೂರಲಿಲ್ಲವೇನೋ ಎಂದು ಇವನು ಅಂದುಕೊಂಡ. ಮೇಸ್ತ್ರಿ ಕ್ಲಾಂಪು ಮತ್ತೆ ಬಿಗಿದು, ಕೈ ಒರೆಸಿಕೊಳ್ಳುತ್ತ ಇವನ ಎದುರು ಬಂದು ನಿಂತ. ಇಷ್ಟು ವರ್ಷದಲ್ಲಿ ಮೊದಲ ಸಲ ಪ್ರಶ್ನೆಯನ್ನು ಇವನನ್ನೇ ಕೇಳಿದ.

"ಜೋಡಿಸಿದೋರು ನೀವು. ನೀವೇ ಹೇಳಿ ಸಾರ್. ಗಾಡಿನ ಗುಡ್ಡಕ್ಕೆ ಕಳಿಸಬಹುದಾ?"

ಒಂದೇ ಒಂದು ಮಾತು ಸಾಕಿತ್ತು. 'ಆ ಜಾಯಿಂಟು ಒಂದು ಸಲ ನೋಡಿಬಿಡಿ' ಎಂದಿದ್ದರೆ ಸಾಕು, ಒರೆಸಿದ್ದನ್ನು ಹೇಳುವುದೂ ಬೇಕಿರಲಿಲ್ಲ. ಕೋಲೂ ಮುರಿಯದೆ, ಹಾವೂ ಸಾಯದೆ ಮುಗಿಯುತ್ತಿತ್ತು. ಮೇಸ್ತ್ರಿಯ ಕನ್ನಡಕದ ಹಿಂದಿನ ಕಣ್ಣು ತಾಳ್ಮೆಯಿಂದ ಕಾಯುತ್ತಿತ್ತು. ಇವನು ಗಂಟಲು ಸರಿಮಾಡಿಕೊಂಡ. "ಧಾರಾಳವಾಗಿ," ಎಂದ. ಆ ಪದವನ್ನು ಅವನು ಮನೆಯಲ್ಲಿ ಯಾವತ್ತೂ ಬಳಸಿದವನಲ್ಲ.

ಊರು ದಾಟುವವರೆಗೆ ಇವನೇ ಮಾತಾಡಿದ, ಶಾಲೆಯ ಕಿಟಕಿಗಳು ಯಾವ ದಿಕ್ಕಿಗಿವೆ ಎಂದು ಕೇಳಿದ, ಉತ್ತರ ಬಂದ ಮೇಲೂ ಮತ್ತೊಮ್ಮೆ ಕೇಳಿದ. ಡಾಂಬರು ಮುಗಿಯುವ ಕಡೆ ಅವಳು ಗಾಡಿಯನ್ನು ತುಂಬ ನಿಧಾನ ಮಾಡಿ, ಹೆಚ್ಚುಕಡಿಮೆ ನಿಲ್ಲಿಸಿ, ಆಮೇಲೆ ಮುಂದೆ ಬಿಟ್ಟಳು. ಧೂಳು ಎದ್ದಿತು. ಎದುರಿನಿಂದ ಬಂದ ಜಲ್ಲಿ ಲಾರಿಗಳು ಅದನ್ನು ಇಳಿಯಲು ಬಿಡಲಿಲ್ಲ. ಇವನು ತನ್ನ ಕಡೆಯ ಗಾಜು ಏರಿಸಿಕೊಂಡ, ಅವಳು ಇಳಿಸಿಯೇ ಇಟ್ಟಿದ್ದಳು. ಬಿಳಿ ಹಿಟ್ಟಿನಂಥ ಆ ಧೂಳು ಬಾನೆಟ್ಟಿನ ಸಂದಿಯಿಂದ ಒಳಗೆ ಹೋಗುವುದು ಅವನಿಗೆ ಕಣ್ಣಾರೆ ಕಾಣುತ್ತಿತ್ತು. ಟ್ಯೂಬು ಈಗ ಬಿಸಿಯಾಗಿರುತ್ತದೆ. ಈಗ ಸಡಿಲಾಗಿರುತ್ತದೆ. ಇಂಜಿನ್ ಗೊಗ್ಗರು ದನಿಯಲ್ಲಿ ಉಸಿರೆಳೆದಾಗಲೆಲ್ಲ ತನ್ನ ಹಲ್ಲಿನಲ್ಲೇ ಮರಳು ಸಿಕ್ಕಂತಾಗಿ ನಾಲಗೆ ಆಡಿಸಿದ. ಹೇಳಿಬಿಡಬೇಕು. ಹೇಳುವುದಾದರೆ ಚೆನ್ನಾಗಿ ಹೇಳಬೇಕು. ತಪ್ಪನ್ನು ತಾನಾಗಿ ಒಪ್ಪಿಕೊಳ್ಳುವ ಗಂಡಸರು ಎಷ್ಟು ಜನ ಇದ್ದಾರೆ? ಅವಳು ಮೊದಲು ಬೆಚ್ಚುತ್ತಾಳೆ, ಆಮೇಲೆ ಕಣ್ಣು ಒದ್ದೆಯಾಗುತ್ತದೆ, ಕೈ ಹಿಡಿದುಕೊಳ್ಳುತ್ತಾಳೆ. ಈ ಚಿತ್ರ ಎಷ್ಟು ಇಷ್ಟವಾಯಿತೆಂದರೆ ಅದನ್ನು ತಿದ್ದಿ ತೀಡುವುದರಲ್ಲಿ ಇನ್ನಷ್ಟು ದೂರ ಹೋಯಿತು. ನಡುವೆ, ಸಂಜೆಯೊಳಗೆ ಮೇಸ್ತ್ರಿಯೇ ಅವಳಿಗೆ ಫೋನ್ ಮಾಡಿಬಿಟ್ಟರೆ ಎಂಬ ಯೋಚನೆಯೂ ಬಂತು. ನಿಜ ಹೇಳಬೇಕೆಂದರೆ ಬಾಯಿ ತೆರೆಸಿದ್ದು ಅದೇ.

"ನಿಲ್ಸು," ಎಂದ.

ಅವಳು ತಕ್ಷಣ ನಿಲ್ಲಿಸಿ ಇಂಜಿನ್ ಆರಿಸಿದಳು. ಕ್ರಷರಿನ ಸದ್ದು ಮಾತ್ರ ಉಳಿಯಿತು.

"ಆ ಪೈಪು... ಬೆಳಿಗ್ಗೆ ಒರೆಸಿ ಆಗಿತ್ತು," ಎಂದ.

"ಯಾರು ಒರೆಸಿದ್ದು?"

"ನಾನು. ಜಾಯಿಂಟಲ್ಲಿ ಸಂದಿ ಬಿಟ್ಟಿದೆ. ನಿನ್ನೆ ಬೆರಳಿಟ್ಟೆ, ಕಿರ್ ಅಂತು."

"ಗೊತ್ತು," ಎಂದಳು.

ಕಣ್ಣು ಒದ್ದೆಯಾಗಿರಲಿಲ್ಲ. ಕೈ ಸ್ಟೇರಿಂಗಿನ ಮೇಲೇ ಇತ್ತು. "ಹಳೇ ಇಂಜಿನ್ನು ರೀ. ಅದರ ಎಣ್ಣೆ ಹಬೆ ಬಂದು ಸೇರೋದು ಅದೇ ಪೈಪಿಗೆ. ಒಳಗೆ ಕಪ್ಪಗೆ ಇರಲೇಬೇಕು. ಕಪ್ಪಿರಬೇಕು, ಕಿರ್ ಅನ್ನಬಾರದು ಅಷ್ಟೆ. ನಂಗೆ ಹತ್ತು ವರ್ಷ ಇದ್ದಾಗ್ಲೇ ಅಪ್ಪ ಹೇಳಿಕೊಟ್ಟಿದ್ರು. ಮೇಸ್ತ್ರಿ ಬೆರಳು ಬೆಳ್ಳಗೆ ಬಂದಾಗ್ಲೇ ಇಬ್ಬರಿಗೂ ಗೊತ್ತಾಯ್ತು."

"ಅವನು ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಬಂದ. ನಾನೇ ಬೇಡ ಅಂತ ತಲೆ ಅಲ್ಲಾಡಿಸಿದೆ."

ಅವನಿಗೆ ಒಮ್ಮೆಗೇ ಸಿಟ್ಟು ಬಂತು. ಬಂದದ್ದಕ್ಕೆ ಒಳಗೊಳಗೇ ಸಮಾಧಾನವೂ ಆಯಿತು, ತಪ್ಪಿನ ಅರ್ಧವನ್ನು ಇಳಿಸಲು ಒಂದು ಕಟ್ಟೆ ಸಿಕ್ಕಿತಲ್ಲ. "ಗೊತ್ತಿದ್ದೂ ನಿಮ್ಮಪ್ಪನ ಗಾಡಿನ ಈ ಧೂಳಿಗೆ ತಂದ್ಯಾ? ಇದೆಂಥ ಬುದ್ಧಿ ನಿಂದು?" ಎಂದು ದನಿ ಏರಿಸಿದ.

ಅವಳು ಮೀಟರಿನ ಕಡೆ ನೋಡಿದಳು. "ಡಾಂಬರು ಮುಗಿದಲ್ಲಿಂದ ನಾಲ್ಕು ಕಿಲೋಮೀಟರ್."

"ನಾಲ್ಕೇ ಅಲ್ವಾ?" ಬಾಯಿಂದ ಜಾರಿಹೋಯಿತು.

"ನಾಲ್ಕೇ. ಗ್ಯಾರೇಜಲ್ಲಿ ಹೇಳ್ತೀರ ಅಂದ್ಕೊಂಡೆ, ಹೇಳ್ಲಿಲ್ಲ. ಡಾಂಬರು ಮುಗಿಯೋ ಹತ್ರ ಹೇಳ್ತೀರ ಅಂತ ನಿಧಾನ ಮಾಡ್ದೆ, ನೀವು ಕಿಟಕಿ ದಿಕ್ಕು ಕೇಳ್ತಿದ್ರಿ. ಆಮೇಲೆ ಐದು ಅಂತ ಮನಸ್ಸಲ್ಲಿ ಇಟ್ಕೊಂಡೆ. ಐದಾದ್ರೆ ನಾನೇ ನಿಲ್ಲಿಸ್ತಿದ್ದೆ." ಮೀಟರಿನ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ಅಪ್ಪನ ಇಂಜಿನ್ ರೀ ಅದು. ನಿಮ್ಮನ್ನ ನಂಬೋಕೆ ಅಂತ ಅದಕ್ಕಿಂತ ಜಾಸ್ತಿ ಸವೆಸೋಕೆ ನನ್ನ ಕೈಲಾಗಲ್ಲ."

ಅವಳು 'ಹೋಗ್ಲಿ ಬಿಡಿ' ಎನ್ನುವುದನ್ನು ತಾನು ಕಾಯುತ್ತಿರುವುದು ಅವನಿಗೇ ಅರಿವಾಯಿತು. ಅವಳು ಅದನ್ನು ಅನ್ನಲಿಲ್ಲ.

"ಇನ್ನು ಇದನ್ನ ಶುರು ಮಾಡಲ್ಲ," ಎಂದಳು. "ಕೆಳಗೆ ಹೋಗೋ ಯಾವುದಾದ್ರೂ ಲಾರಿಗೆ ಕೈ ತೋರ್ಸಿ. ಹಗ್ಗ ಕಟ್ಟಿ ಗ್ಯಾರೇಜ್ ತನಕ ಎಳ್ಕೊಂಡು ಹೋಗ್ಲಿ. ಏನಾಯ್ತು ಅಂತ ಕೇಳಿದ್ರೆ ನೀವೇ ಹೇಳಿ."

ಇಳಿದು ಅವಳ ಕಡೆಗೆ ಬಂದು ರಸ್ತೆಯಂಚಿನಲ್ಲಿ ನಿಂತ. ಬೂಟು ಧೂಳಿನಲ್ಲಿ ಹೂತುಹೋಯಿತು. ಎರಡು ಲಾರಿಗಳು ಲೆಕ್ಕಿಸದೆ ಹೋದವು. ಮೂರನೆಯದು ನಿಂತಿತು. ತಲೆಗೆ ಟವೆಲ್ ಸುತ್ತಿಕೊಂಡಿದ್ದ ಡ್ರೈವರ್ ಕಿಟಕಿಯಿಂದ ಬಗ್ಗಿ, ಪಿಕಪ್ಪನ್ನೂ ಗಾಜುಗಳನ್ನೂ ಚಾಲಕಿಯನ್ನೂ ಒಂದು ಸಲ ನೋಡಿ, ಗಂಡಸು ಎಂದು ಇವನನ್ನೇ ಕೇಳಿದ.

"ಏನಾಯ್ತು ಸಾರ್?"

ಎರಡು ಮಾರು ದೂರದಲ್ಲಿ ಹೆಂಡತಿಯ ಕಿಟಕಿ ಇತ್ತು. ಗಾಜು ಇಳಿದೇ ಇತ್ತು. ಅವಳು ಮುಂದಿನ ರಸ್ತೆಯನ್ನು ನೋಡುತ್ತ ಕೂತಿದ್ದಳು.

"ಏನೋಪ್ಪಾ," ಎಂದ ಅವನು. "ಹಳೇ ಗಾಡಿ ನೋಡು."